ಅಡಿಟಿಪ್ಪಣಿಗಿಳಿದ ಚರಿತ್ರೆ

ಇಮ್ರೆ ಲಾಕಾಟೋಸನ ‘ಪ್ರೂಫ್ಸ್ ಅಂಡ್ ರೆಫ್ಯುಟೇಷನ್ಸ್’ ಗಣಿತಜ್ಞರಲ್ಲದವರೂ ಆಸಕ್ತಿಯಿಂದ ಓದಬಲ್ಲ ಗಣಿತಗ್ರಂಥ. 1963-64ರಲ್ಲಿ ಲೇಖನಮಾಲೆಯಾಗಿ ಬಂದು, ಲೇಖಕನು 1974ರಲ್ಲಿ ತೀರಿಕೊಂಡ ಬಳಿಕ, 1976ರಲ್ಲಿ ಪುಸ್ತಕರೂಪವನ್ನು ತಾಳಿತು. ಉಪಾಧ್ಯಾಯನೊಬ್ಬನೂ ಅವನ ವಿದ್ಯಾರ್ಥಿಗಳೂ ಇದರಲ್ಲಿ ಒಂದೇ ಸೂತ್ರವನ್ನು ಕುರಿತು ವಾದಿಸುತ್ತಾರೆ: ಬಹುಮುಖಿಯ ಮುಖಗಳನ್ನೂ ಶೃಂಗಗಳನ್ನೂ ಎಣಿಸಿ ಕೂಡಿಸಿ, ಅಂಚುಗಳ ಸಂಖ್ಯೆಯನ್ನು ಕಳೆದರೆ 2 ಉಳಿಯುತ್ತದೆ. ಘನಕ್ಕೆ ಮುಖಗಳು 6, ಶೃಂಗಗಳು 8, ಅಂಚುಗಳು 12. ಸಂವಾದದ ಸೊಗಸನ್ನು ಅಲ್ಲಗಳೆಯಲಾಗದು. (ಇಷ್ಟು ಚುರುಕಾದ ತರಗತಿ ಯಾವ ಉಪಾಧ್ಯಾಯನಿಗೂ ದೊರೆತಿರಲಾರದು!) ಆದರೆ ಇದನ್ನು ಚರಿತ್ರೆಯೆಂದೇ ಓದುವವರಿರುವುದರಿಂದ ಚರಿತ್ರೆಯ ದೃಷ್ಟಿಯಿಂದಲೂ ಇದನ್ನು ಪರೀಕ್ಷಿಸುವುದು ಅವಶ್ಯಕ.

ಆಯ್ಲರನಿಗೆ ಬೇಕಾಗಿದ್ದುದು ವರ್ಗೀಕರಣ. ಸಮತಲಾಕೃತಿಗಳನ್ನು ಬಾಹುಗಳ ಸಂಖ್ಯೆಯಿಂದ ವಿಂಗಡಿಸುವಂತೆ ಘನಾಕೃತಿಗಳನ್ನು ವಿಂಗಡಿಸುವುದು ಹೇಗೆ? ಮುಖಗಳ ಎಣಿಕೆಯೊಂದೇ ಸಾಲದೆಂದು ಕಂಡು ಆತನು ಶೃಂಗಗಳನ್ನೂ ಅಂಚುಗಳನ್ನೂ ಗಣನೆಗೆ ತಂದನು; ಅಂಚಿಗೆ ಶಾಸ್ತ್ರೀಯವಾದ ಹೆಸರನ್ನೂ ತಾನೇ ಕೊಡಬೇಕಾಯಿತು. 1750ರಲ್ಲಿ ಗೋಲ್ಡ್‌ಬಾಖನಿಗೆ ಬರೆದ ಪತ್ರದಲ್ಲಿ ಕಾಣುವ ಸೂತ್ರವು 1758ರಲ್ಲಿ ಪ್ರಕಟವಾಯಿತು. ಆದರೆ ವರ್ಗೀಕರಣ ಕೈಗೂಡಲಿಲ್ಲ. ತ್ರಿಕೋನ ಪಟ್ಟಕವೊಂದರ ಒಂದು ಮೂಲೆಯನ್ನು ಕತ್ತರಿಸಿ ನೋಡಿ: ಮುಖ 6, ಶೃಂಗ 8, ಅಂಚು 12. ಸಂಖ್ಯೆಗಳೆಲ್ಲ ಘನದವೇ, ಆಕೃತಿಯಾದರೋ ಎರಡು ತ್ರಿಭುಜ, ಎರಡು ಚತುರ್ಭುಜ, ಎರಡು ಪಂಚಭುಜಗಳಿಂದಾದುದು. ಆರು ಮುಖಗಳ ಪೀನ ಬಹುಮುಖಿಗಳಲ್ಲೇ ಏಳು ಬಗೆಗಳುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ಕ್‌ಮನ್, ಕೇಲಿ ಮೊದಲಾದವರು ಈ ಎಣಿಕೆಯನ್ನೇ ಕೈಗೆತ್ತಿಕೊಂಡು ಶ್ರಮಿಸಿದರು. ಹುಟ್ಟಿದ ಉದ್ದೇಶವನ್ನು ಪೂರೈಸದ ಸೂತ್ರವೊಂದು ತನ್ನ ಬಲದಿಂದಲೇ ಏಕೆ ಬಾಳಿತು? ಚರಿತ್ರೆಕಾರನು ಕೇಳಬೇಕಾದ ಪ್ರಶ್ನೆ ಇದು. ಲಾಕಾಟೋಸನು ವರ್ಗೀಕರಣವನ್ನು ಆರಂಭದಲ್ಲಿ ಪ್ರಸ್ತಾಪಿಸುತ್ತಾನೆ, ನಿಜ. ಪಾಠ ಮುಂದುವರಿದಂತೆ ಅದು ಹಿನ್ನೆಲೆಗೆ ಸರಿಯುತ್ತದೆ.

ಕಾಲಕ್ರಮದ ವಿಷಯ ಇನ್ನೂ ಗಂಭೀರವಾದುದು. ಒಂದು ಮುಖವನ್ನು ತೆಗೆದು, ಉಳಿದುದನ್ನು ಹಿಗ್ಗಿಸಿ ಚಪ್ಪಟೆಯಾಗಿ ಹರಡಿ, ತ್ರಿಕೋನಗಳಾಗಿ ಒಡೆಯುವ ಕೋಶಿಯ ಸಾಧನೆಯನ್ನು ಉಪಾಧ್ಯಾಯನು ಮೊದಲು ಮಂಡಿಸುತ್ತಾನೆ. ಕೂಡಲೇ ವಿದ್ಯಾರ್ಥಿಯೊಬ್ಬನು ಒಳಗೆ ಘನಾಕಾರದ ಟೊಳ್ಳುಳ್ಳ ಘನವನ್ನು ಮುಂದೊಡ್ಡುತ್ತಾನೆ: 12 ಮುಖ, 16 ಶೃಂಗ, 24 ಅಂಚು, ಉಳಿಯುವುದು 4. ವಾದದಿಂದ ಪ್ರತಿವಾದ ಹುಟ್ಟಿತೆಂದು ಓದುಗನು ನಂಬುತ್ತಾನೆ. ವಾಸ್ತವವಾಗಿ, ಕೋಶಿಯ ಸಾಧನೆ 1813ರಲ್ಲಿ ಅಚ್ಚಾಯಿತು. ಲ್ಹುಯಿಲಿಯೆಯ ಅಪವಾದಗಳು ಹೊರಬಂದುದೂ 1812-13ರಲ್ಲಿಯೇ. ಅವಕ್ಕೆ ಪ್ರೇರಣೆ ಮಿತ್ರನೊಬ್ಬನ ಖನಿಜಸಂಗ್ರಹ. 1832ರಲ್ಲಿ ಹೆಸೆಲನು ಅದೇ ಅಪವಾದವನ್ನು ಮತ್ತೆ ಕಂಡುದೂ ಪಾರಕ ಸ್ಫಟಿಕದೊಳಗೆ ಹುದುಗಿದ್ದ ಸೀಸದ ಸಲ್ಫೈಡಿನ ಘನವನ್ನು ನೋಡಿ. ತರ್ಕಕ್ಕೆ ಸಂದ ಕೀರ್ತಿಯಲ್ಲಿ ಒಂದು ಪಾಲು ಕಲ್ಲಿಗೂ ಸಲ್ಲಬೇಕು.

ಇದೆಲ್ಲವನ್ನೂ ಲಾಕಾಟೋಸನು ಬಲ್ಲನು. ಅವನ ಅಡಿಟಿಪ್ಪಣಿಗಳಲ್ಲಿಯೇ ಇದು ದೊರೆಯುತ್ತದೆ. ಅವು ಗ್ರಂಥದ ಅವಿಭಾಜ್ಯ ಅಂಗವೆಂದೂ ಆತನು ಹೇಳಿಕೊಂಡಿದ್ದಾನೆ. ಆದರೂ ಕಾರ್ಯಕಾರಣಸಂಬಂಧವನ್ನು ಮೇಲಿನ ಸಂವಾದಕ್ಕೆ ಕೊಟ್ಟು, ನಡೆದ ಸಂಗತಿಯನ್ನು ಕೆಳಗಿನ ಸಣ್ಣಕ್ಷರಕ್ಕೆ ಇಳಿಸುವುದು ನ್ಯಾಯವೆಂದು ನಾನು ಒಪ್ಪಲಾರೆ. ವಿದ್ಯಾರ್ಥಿಗಳು ಈ ಗ್ರಂಥವನ್ನು ಟಿಪ್ಪಣಿಗಳಿಂದ ಮೇಲಕ್ಕೆ ಓದುವುದು ಲೇಸು. ತರಗತಿಯಲ್ಲಾದರೆ ಒಬ್ಬನ ಮಾತು ಎಲ್ಲರಿಗೂ ಕೇಳಿಸುತ್ತದೆ. ಡೆಕಾರ್ಟನು ಈ ಸೂತ್ರದ ತೀರ ಸಮೀಪಕ್ಕೆ ಬಂದು ಬರೆದಿಟ್ಟಿದ್ದ ಹಸ್ತಪ್ರತಿ ಉಳಿದುದು 1676ರಲ್ಲಿ ಲೈಬ್ನಿಟ್ಸನು ಮಾಡಿಕೊಂಡ ನಕಲಿನಲ್ಲಿ. ಅದು ಅಚ್ಚಾದುದು 1860ರಲ್ಲಿ. ಆಯ್ಲರನು 1783ರಲ್ಲಿಯೇ ತೀರಿಕೊಂಡಿದ್ದನು.