ವಿಜಯನಗರದ ಅಡುಗೆಮನೆ

ಐತಿಹಾಸಿಕ ಕಾದಂಬರಿ ಕೈಗೆ ಬಂದಾಗ ನಾನು ಕಣ್ಣಿಟ್ಟು ಓದುವುದು ಯುದ್ಧದ ಪುಟಗಳನ್ನಲ್ಲ, ಊಟದ ಪುಟಗಳನ್ನು. ವಂಶಾವಳಿ, ದಂಡಯಾತ್ರೆ, ದಾನದತ್ತಿಗಳೆಲ್ಲ ಶಾಸನಗಳಲ್ಲಿ ಸಿಗುತ್ತವೆ; ಅಲ್ಲಿ ಲೇಖಕರು ಎಡವುವುದು ಕಡಿಮೆ. ಆದರೆ ಇಮ್ಮಡಿ ಪುಲಕೇಶಿಯ ಸೈನಿಕ ರೊಟ್ಟಿಗೆ ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡನೋ, ಏಳನೆಯ ಶತಮಾನ ಅಲ್ಲೇ ಕುಸಿದುಬೀಳುತ್ತದೆ.

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ ಇವೆಲ್ಲ ಅಮೆರಿಕ ಖಂಡದಿಂದ ಬಂದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟುವ ಮೊದಲು ನಮ್ಮ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಟೊಮೆಟೊ, ಆಲೂಗಡ್ಡೆ ನಮ್ಮ ಒಲೆಗೆ ಒಗ್ಗಿದ್ದಂತೂ ಇನ್ನೂ ಎಷ್ಟೋ ತಡವಾಗಿ.

ಅಂದಿನವರು ಉಂಡದ್ದೇನು ಎಂದು ತಿಳಿಯಲು ಕನ್ನಡದ ಲೇಖಕ ದೂರ ಹೋಗಬೇಕಿಲ್ಲ. 11ನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಾಂಸದಡುಗೆಯನ್ನೂ ವಿವರವಾಗಿ ಹೇಳುತ್ತಾನೆ. 16ನೆಯ ಶತಮಾನದ ಆರಂಭದ ಮಂಗರಸನದು ‘ಸೂಪಶಾಸ್ತ್ರ’. ಬದನೆ, ಬಾಳೆ, ಹಲಸುಗಳ ಪಾಕವನ್ನು ಅವನು ಷಟ್ಪದಿಯಲ್ಲಿ ಹೇಳುವ ಸೊಗಸಿಗೆ ನಾನು ಮತ್ತೆ ಮತ್ತೆ ಮರಳುತ್ತೇನೆ. ಬಡವರ ತಟ್ಟೆಯ ಸುಳಿವು ಬೇಕೇ? ರಾಗಿಗೂ ಅಕ್ಕಿಗೂ ಜಗಳ ಹಚ್ಚಿದ ಕನಕದಾಸರ ‘ರಾಮಧಾನ್ಯ ಚರಿತ್ರೆ’ ಇದೆ.

ಎಲ್ಲಕ್ಕಿಂತ ಕುತೂಹಲದ ಕಾಲ ಕೃಷ್ಣದೇವರಾಯನದು, 1509ರಿಂದ 1529. ಗೋವೆ ಪೋರ್ಚುಗೀಸರ ವಶವಾದದ್ದು 1510ರಲ್ಲಿ. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಕೀರ್ತನೆಯೇ ಉಂಟು. ಎಂದರೆ ಆ ಕಾಯಿ ಆಗಷ್ಟೇ ಹೊಸ್ತಿಲು ದಾಟುತ್ತಿದ್ದಿರಬೇಕು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು? ಬಂದರಿನಿಂದ ಬಂದ ವರ್ತಕ ತಂದ ಕಾಯನ್ನು ಹಂಪೆಯ ಹೆಂಗಸೊಬ್ಬಳು ಮೊದಲ ಸಲ ಕಚ್ಚಿದರೆ ಒಂದು ಅಧ್ಯಾಯವೇ ಹುಟ್ಟುತ್ತದೆ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಸೈಕಲ್ಲನ್ನು ಮಲೆನಾಡಿಗೆ ತಂದದ್ದು ಹೀಗೆಯೇ. ಅಲ್ಲಿ ಸೈಕಲ್ಲು ಹಿನ್ನೆಲೆಯ ವಸ್ತುವಲ್ಲ, ಊರೆಲ್ಲ ಬೆರಗಾಗಿ ನೋಡುವ ಘಟನೆ. 19ನೆಯ ಶತಮಾನದ ಕೊನೆ ನಮಗೆ ತಾರೀಖಿಲ್ಲದೆಯೇ ಮನದಟ್ಟಾಗುತ್ತದೆ.

ಓದಿದ್ದನ್ನೆಲ್ಲ ಪುಟಕ್ಕೆ ಸುರಿಯುವವರೂ ಇದ್ದಾರೆ. ಪಾತ್ರ ಉಣ್ಣುತ್ತಿರುವಾಗ ಲೇಖಕ ಪಾಠ ಹೇಳಬಾರದು. ಹಸಿದವನಿಗೆ ಮೆಣಸಿನ ಚರಿತ್ರೆ ಬೇಡ, ಸಾರು ಬೇಕು.

ವಿಜಯನಗರದ ಮೇಲೆ ಬರೆಯಹೊರಟಿರುವ ಹೊಸ ಲೇಖಕರಲ್ಲಿ ನನ್ನದೊಂದು ಕೋರಿಕೆ: ತಾಳಿಕೋಟೆಯ ಯುದ್ಧಕ್ಕೆ ಕೈಹಾಕುವ ಮುನ್ನ ಒಮ್ಮೆ ಮಂಗರಸನನ್ನು ಓದಿ.