ಹೆಲ್ಮೆಟ್ಟಿನೊಳಗಿನ ಪೆಟ್ಟು

1897ರ ಅಕ್ಟೋಬರ್ 30ರಂದು ಅಟ್ಲಾಂಟಾದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ವಿರುದ್ಧ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಜಾರ್ಜಿಯಾ ತಂಡದ ವಾನ್ ಗ್ಯಾಮನ್ ತಲೆಗೆ ಪೆಟ್ಟು ಬಿದ್ದು ಮರುದಿನ ತೀರಿಕೊಂಡ. ರಾಜ್ಯದ ಶಾಸನಸಭೆ ಫುಟ್‌ಬಾಲನ್ನೇ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಮಗ ಪ್ರೀತಿಸಿದ ಆಟಕ್ಕೆ ಅವನ ಸಾವೇ ಮುಳುವಾಗಬಾರದೆಂದು ಸ್ವತಃ ತಾಯಿ ಪತ್ರ ಬರೆದರು. ಗವರ್ನರ್ ಅಟ್ಕಿನ್‌ಸನ್ ಮಸೂದೆಯನ್ನು ತಿರಸ್ಕರಿಸಿದರು. ಅಮೆರಿಕನ್ ಫುಟ್‌ಬಾಲ್ ತನ್ನ ಮೇಲಿನ ಆಕ್ಷೇಪಗಳಿಗೆ ಇಂದಿಗೂ ಹೆಚ್ಚುಕಡಿಮೆ ಅದೇ ಉತ್ತರ ಕೊಡುತ್ತಿದೆ: ಆಟ ಉಳಿಯಲಿ, ನಿಯಮ ತಿದ್ದೋಣ, ಒಳ್ಳೆಯ ಹೆಲ್ಮೆಟ್ ತರೋಣ. ಈ ಉತ್ತರ ತಲೆಬುರುಡೆಯನ್ನು ಕಾಪಾಡಿದೆ, ಮಿದುಳನ್ನು ಕಾಪಾಡಿಲ್ಲ.

ಕಾರಣ ಪೆಟ್ಟಿನ ಸ್ವರೂಪದಲ್ಲೇ ಇದೆ. ಒಣಗಿದ ತೆಂಗಿನಕಾಯಿಯ ಚಿಪ್ಪು ಎಷ್ಟೇ ಗಟ್ಟಿಯಿದ್ದರೂ ಅಲ್ಲಾಡಿಸಿದಾಗ ಗಿಟುಕು ಒಳಗೇ ಬಡಿಯುತ್ತದಲ್ಲ, ಹಾಗೆ ತಲೆ ಥಟ್ಟನೆ ತಿರುಗಿದಾಗ ಮಿದುಳಿನ ನರತಂತುಗಳು ಒಳಗೇ ಜಗ್ಗಿ ಹರಿಯುತ್ತವೆ. ಹೀಗೆ ವರ್ಷಾನುಗಟ್ಟಲೆ ಪೆಟ್ಟು ತಿಂದ ಮಿದುಳಿನಲ್ಲಿ ಟಾವ್ ಎಂಬ ಪ್ರೋಟೀನು ಗಂಟುಗಟ್ಟುವ ರೋಗವೇ ಸಿಟಿಇ. ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆ ಮಾತ್ರ. ಅಟ್ಲಾಂಟಾ ಫಾಲ್ಕನ್ಸ್‌ನ ರೇ ಈಸ್ಟರ್ಲಿಂಗ್ ಇದ್ದ 1977ರ ರಕ್ಷಣಾ ಪಡೆ 14 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 129 ಅಂಕ. ಅದೇ ಈಸ್ಟರ್ಲಿಂಗ್ 2011ರಲ್ಲಿ, ತಲೆಪೆಟ್ಟುಗಳ ವಿಚಾರವಾಗಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ವಿರುದ್ಧ ಹೂಡಿದ ಮೊಕದ್ದಮೆಯ ಮುಂಚೂಣಿಯಲ್ಲಿ ನಿಂತರು, ಮರುವರ್ಷ ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಯಲ್ಲಿ ಸಿಟಿಇ ಕಂಡಿತು. ಫುಟ್‌ಬಾಲಿಗೂ ಈ ರೋಗಕ್ಕೂ ಸಂಬಂಧವಿದೆಯೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ವಾಷಿಂಗ್ಟನ್ನಿನಲ್ಲಿ ಸಂಸತ್ತಿನ ಸಮಿತಿಯೆದುರು ಒಪ್ಪಿಕೊಂಡದ್ದು 2016ರ ಮಾರ್ಚ್‌ನಲ್ಲಿ.

ಆಮೇಲೆ ಸುಧಾರಣೆಗಳಾದವು. ಅಟ್ಲಾಂಟಾ ಬಳಿಯ ಪೀಚ್‌ಟ್ರೀ ಕಾರ್ನರ್ಸ್‌ನ ಕಂಪನಿಯೊಂದು ಹೆಲ್ಮೆಟ್ಟಿನ ಮೇಲೆ ತೊಡಿಸುವ ಮೆತ್ತನೆಯ ಗಾರ್ಡಿಯನ್ ಕ್ಯಾಪ್ ತಯಾರಿಸುತ್ತದೆ. 2024ರಿಂದ ಪಂದ್ಯಗಳಲ್ಲೂ ಅದಕ್ಕೆ ಅನುಮತಿಯಿದೆ. ಆ ವರ್ಷ ಲೀಗಿನಲ್ಲಿ ದಾಖಲಾದ ಕನ್‌ಕಷನ್‌ಗಳು, ಅಂದರೆ ಮಿದುಳು ತತ್ತರಿಸಿ ಲಕ್ಷಣ ತೋರಿಸುವ ಪೆಟ್ಟುಗಳು, 219ರಿಂದ 182ಕ್ಕೆ ಇಳಿದವು. ಇಳಿಕೆ ಸಂತೋಷದ್ದೇ. ಆದರೆ ಲೀಗು ಎಣಿಸುತ್ತಿರುವುದು ಕಣ್ಣಿಗೆ ಕಾಣುವ ಪೆಟ್ಟನ್ನು. ರೋಗ ಬೆಳೆಯುವುದು ಕಾಣದ ಪೆಟ್ಟುಗಳಿಂದ. 631 ಮೃತ ಆಟಗಾರರ ಮಿದುಳುಗಳನ್ನು ಪರಿಶೀಲಿಸಿದ 2023ರ ಅಧ್ಯಯನದಲ್ಲಿ ಸಿಟಿಇ ತಾಳೆಯಾದದ್ದು ಕನ್‌ಕಷನ್ ಸಂಖ್ಯೆಯೊಂದಿಗಲ್ಲ, ವೃತ್ತಿಜೀವನದುದ್ದಕ್ಕೂ ತಲೆಯ ಮೇಲೆ ಬಿದ್ದ ಒಟ್ಟು ಬಲದೊಂದಿಗೆ. ಇದಕ್ಕಿಂತ ಕಳವಳಕಾರಿ ಸಂಗತಿ ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂನಿಂದ ಬಂತು. ಅಲ್ಲಿ 8ರಿಂದ 13 ವರ್ಷದ 25 ಹುಡುಗರನ್ನು ಒಂದು ಋತುವಿನ ಆಟಕ್ಕೆ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿದರು. ಯಾರಿಗೂ ಕನ್‌ಕಷನ್ ಆಗಿರಲಿಲ್ಲ. ಆದರೂ ಹೆಚ್ಚು ಪೆಟ್ಟು ತಿಂದವರ ಮಿದುಳಿನ ಬಿಳಿದ್ರವ್ಯದಲ್ಲಿ ಹೆಚ್ಚು ಬದಲಾವಣೆ ಕಂಡಿತು. ಅದು ಮುಂದೆ ರೋಗವಾಗುತ್ತದೆಂದು 2016ರ ಆ ಅಧ್ಯಯನ ಹೇಳುವುದಿಲ್ಲ, ನಿಜ. ಕಾದು ನೋಡೋಣ ಎಂದು ಮಕ್ಕಳನ್ನೇ ಒಡ್ಡುವುದು ಮಾತ್ರ ನನಗೆ ಸರಿಕಾಣದು.

ಮೃತರ ಮಿದುಳಿನ ಅಧ್ಯಯನಗಳಿಗೆ ಮಿದುಳು ದಾನ ಮಾಡುವವರು ಹೆಚ್ಚಾಗಿ ಮೊದಲೇ ಲಕ್ಷಣಗಳಿದ್ದವರ ಕುಟುಂಬದವರು, ಹಾಗಾಗಿ ಲೆಕ್ಕ ವಾಲಿದೆ ಎಂಬ ಆಕ್ಷೇಪವಿದೆ. ಒಟ್ಟು ಆಟಗಾರರಲ್ಲಿ ಎಷ್ಟು ಮಂದಿಗೆ ರೋಗ ಎಂಬ ಪ್ರಶ್ನೆಗೆ ಇದು ಸರಿಯಾದ ಆಕ್ಷೇಪವೇ. ಆದರೆ ದಾನಿಗಳೊಳಗೇ ಹೋಲಿಸಿದಾಗಲೂ ಹೆಚ್ಚು ವರ್ಷ ಆಡಿದವರಲ್ಲಿ ಸಿಟಿಇ ಹೆಚ್ಚಾಗಿ ಕಂಡಿರುವುದನ್ನು ಈ ವಾಲಿಕೆಯೊಂದರಿಂದಲೇ ವಿವರಿಸಲಾಗದು. ದೊಡ್ಡವರು ತಿಳಿದೇ ಆಡುತ್ತಾರೆ ಎನ್ನುವ ಮಾತೂ ಇದೆ. ಕೆರೊಲಿನಾ ಪ್ಯಾಂಥರ್ಸ್‌ನ ಲ್ಯೂಕ್ ಕೀಕ್ಲಿ ಹಲವು ಕನ್‌ಕಷನ್‌ಗಳ ನಂತರ, 2020ರಲ್ಲಿ, 28ನೇ ವಯಸ್ಸಿಗೇ ಆಟ ಬಿಟ್ಟರು. ಅವರಿಗೆ ಆ ಆಯ್ಕೆಯಿತ್ತು, ಕೈಯಲ್ಲಿ ಹಣವಿತ್ತು. ಒಂಬತ್ತರ ಹುಡುಗನಿಗೆ ಎರಡೂ ಇಲ್ಲ. ಕಾಲೇಜಿನ ವಿದ್ಯಾರ್ಥಿವೇತನಕ್ಕೆ ಈ ಆಟವನ್ನೇ ನಂಬಿದ ಬಡ ಮನೆಗಳ ವಾದ ನನ್ನನ್ನು ಹೆಚ್ಚು ತಡೆಯುತ್ತದೆ. ಆದರೆ ಆ ವಿದ್ಯಾರ್ಥಿವೇತನ ನಿರ್ಧಾರವಾಗುವುದು ಹೈಸ್ಕೂಲಿನ ಆಟದಿಂದ. ಅದಕ್ಕಾಗಿ ಮೂರನೇ ತರಗತಿಯಿಂದ ಡಿಕ್ಕಿ ಹೊಡೆಸಬೇಕಿಲ್ಲ. ಅಟ್ಲಾಂಟಾ, ಶಾರ್ಲೆಟ್, ಉತ್ತರ ವರ್ಜೀನಿಯಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಬೆಳೆಯುತ್ತಿರುವುದು ಇವೇ ಮೈದಾನಗಳ ಪಕ್ಕದಲ್ಲಿ, ಹಾಗಾಗಿ ಇದು ನಮಗೆ ದೂರದ ಪ್ರಶ್ನೆಯಲ್ಲ. ಎದುರಾಳಿಯನ್ನು ಕೆಡವದೆ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕಾಗುವ ಫ್ಲ್ಯಾಗ್ ಫುಟ್‌ಬಾಲ್ ಜಾರ್ಜಿಯಾದ ಹೈಸ್ಕೂಲು ಹುಡುಗಿಯರಿಗೆ 2020ರಿಂದ ಅಧಿಕೃತ ಕ್ರೀಡೆ. 14ರೊಳಗಿನ ಹುಡುಗರಿಗೂ ಅದಷ್ಟೇ ಇರಲಿ ಎಂದು ಮಕ್ಕಳ ಲೀಗುಗಳು ಒಪ್ಪಬೇಕು. ಒಪ್ಪದಿದ್ದರೆ ರಾಜ್ಯಗಳು ಕಾನೂನು ಮಾಡಬೇಕು.