ಎಲ್ಲರೂ ಕೂರುವ ಮನೆಗಾಡಿ

ಕ್ಯಾರವಾನ್ ಅಂದಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ಸಿನಿಮಾ ಶೂಟಿಂಗ್ ಜಾಗದಲ್ಲಿ ನಿಂತ ಎ.ಸಿ. ಗಾಡಿ ನೆನಪಾಗುತ್ತದೆ. ಒಬ್ಬ ನಟ, ಒಂದು ಕನ್ನಡಿ, ಒಂದು ಸೋಫಾ. ತಾತ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ನಾಲ್ವರು ಮೊಮ್ಮಕ್ಕಳು ಎಂದು ಹತ್ತು ತಲೆ ಇರುವ ಮನೆಗೆ ಬೇಕಾದ ಗಾಡಿಯೇ ಬೇರೆ. ಇಂಥ ಮನೆಯವರು ಮೊದಲ ಕ್ಯಾರವಾನ್ ನೋಡಲು ಹೊರಟಾಗ ಬಾಯಿಗೆ ಬರುವ ಪ್ರಶ್ನೆ, ‘ಇದರಲ್ಲಿ ಎಷ್ಟು ಜನ ಮಲಗಬಹುದು?’ ಎಂಬುದು. ಅಲ್ಲಿಂದ ಶುರುಮಾಡಿದರೆ ಆಯ್ಕೆ ದಾರಿ ತಪ್ಪುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಎಲ್ಲರೂ ಒಟ್ಟಿಗೆ ಕೂತು ಉಂಡು ಮಾತಾಡಬಹುದೆ? ನೋಡಬೇಕಾದ್ದನ್ನು ಸರಿಯಾದ ಹೊತ್ತಿನಲ್ಲಿ ನೋಡುವ ಪುರಸೊತ್ತನ್ನು ಈ ಗಾಡಿ ಕೊಡುತ್ತದೆಯೆ?

ಈ ವಿದ್ಯೆ ನಮಗೆ ಹೊಸದೇನಲ್ಲ. ಹಾಸನ, ತುಮಕೂರು ಸೀಮೆಯ ರೈತರು ಜಾತ್ರೆಗೆ ಹೋಗುತ್ತಿದ್ದದ್ದು ಕಮಾನು ಗಾಡಿಯಲ್ಲಿ. ಬಿದಿರ ಕಮಾನಿಗೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿದರೆ ಮನೆ ಸಿದ್ಧ. ಒಳಗೆ ಮುದುಕರು, ಬಾಣಂತಿಯರು, ಕೂಸುಗಳು, ಪಾತ್ರೆ ಪಗಡ. ಗಟ್ಟಿಮುಟ್ಟಾದವರು ಜೊತೆಗೆ ನಡೆಯುತ್ತಿದ್ದರು, ರಾತ್ರಿ ಗಾಡಿಯ ಕೆಳಗೆ ಮಲಗುತ್ತಿದ್ದರು. ಮೂರು ಕಲ್ಲಿಟ್ಟು ಹೊರಗೇ ಅಡಿಗೆ. ಎಲ್ಲರನ್ನೂ ಒಳಗೇ ಮಲಗಿಸಬೇಕೆಂಬ ಹಟ ಅವರಿಗಿರಲಿಲ್ಲ. ಯಾರಿಗೆ ಅಗತ್ಯವೋ ಅವರಿಗೆ ಆಸರೆ, ಉಳಿದವರಿಗೆ ಸಂಗಾತ. ಇಂದಿನ ದೊಡ್ಡ ಕುಟುಂಬಕ್ಕೂ ಈ ಲೆಕ್ಕವೇ ಸರಿ: ಎಲ್ಲರಿಗೂ ಕೂರಲು ಜಾಗ, ಕೆಲವರಿಗೆ ಮಲಗಲು ಜಾಗ.

ಮೊದಲು ಬಾಡಿಗೆ, ಆಮೇಲೆ ಖರೀದಿ

ಕೊಳ್ಳುವ ಮುಂಚೆ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬಾಡಿಗೆಗೆ ಹಿಡಿಯಿರಿ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ ಯಾತ್ರೆಗೆ ನಾವು ಹತ್ತುವ ಟೆಂಪೋ ಟ್ರಾವೆಲರ್‌ನಂಥ ವ್ಯಾನುಗಳನ್ನೇ ಕ್ಯಾರವಾನ್ ಮಾಡುವುದೂ ಉಂಟು. ಹಾಗಾಗಿ ಒಳಗಿನ ಅಗಲ, ಎತ್ತರ, ಕುಲುಕಾಟ ಎಲ್ಲವನ್ನೂ ಬಾಡಿಗೆ ಗಾಡಿಯಲ್ಲೇ ಪರೀಕ್ಷಿಸಬಹುದು. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್, ಡ್ರೈವರ್ ಬಾಟಾ ಎಷ್ಟು, ರಾತ್ರಿ ನಿಲ್ಲಿಸಿದರೆ ಏನು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಜೇಬಿನಲ್ಲಿ ಒಂದು ಅಳತೆಯ ಟೇಪು ಇರಲಿ.

ಗಾಡಿಯನ್ನು ನೋಡುವ ಕ್ರಮ

ಮೊದಲು ಮೆಟ್ಟಿಲು. ಮನೆಯ ಅತಿ ಹಿರಿಯರನ್ನು ಕರೆದುಕೊಂಡು ಹೋಗಿ, ಯಾರೂ ಕೈ ಕೊಡದೆ ಅವರು ಹತ್ತುವುದನ್ನು ನೋಡಿ. ಬಲಗಾಲು ಇಟ್ಟ ಮೇಲೆ ಎಡಗೈ ಹಿಡಿಯಲು ಏನಾದರೂ ಸಿಗುತ್ತದೆಯೆ? ಇಳಿಯುವಾಗ ಮುಖ ಹೊರಗೆ ಮಾಡಿಯೇ ಇಳಿಯಬಹುದೆ, ಇಲ್ಲಾ ಏಣಿ ಇಳಿದ ಹಾಗೆ ತಿರುಗಬೇಕೆ? ಮೊಣಕಾಲು ನೋವಿರುವ ಅಜ್ಜಿ ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯುವ ಜಾಗವದು. ಅಲ್ಲಿ ಒಂದು ಮಡಚುವ ಮೆಟ್ಟಿಲು, ಒಂದು ಗಟ್ಟಿ ಹಿಡಿ ಇಲ್ಲದಿದ್ದರೆ ಒಳಗಿನ ಅಂದಚಂದದಿಂದ ಪ್ರಯೋಜನವಿಲ್ಲ.

ಎರಡನೆಯದು ಕೂರುವ ವ್ಯವಸ್ಥೆ. ಓಡುವಾಗ ಪ್ರತಿಯೊಬ್ಬರಿಗೂ ಬೆಲ್ಟ್ ಇರುವ ಸೀಟು ಬೇಕು. ಮಂಚವನ್ನು ಸೀಟೆಂದು ಎಣಿಸಬೇಡಿ. ಓಡುವ ಗಾಡಿಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಹೋಗುವುದು ಅಪಾಯ. ನಿಂತಾಗ ಒಂದಿಷ್ಟು ಸೀಟಾದರೂ ಎದುರುಬದುರಾಗಬೇಕು, ನಡುವೆ ಮಡಚುವ ಮೇಜು ಬರಬೇಕು. ಹತ್ತೂ ಜನರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಹದಿನೈದು ನಿಮಿಷ ಕಾಯಿರಿ. ಮಳೆಗಾಲದಲ್ಲಿ ಬೇಲೂರಿನಂಥ ಊರಿಗೆ ಹೋದರೆ ಅರ್ಧ ದಿನ ಹೀಗೇ ಕೂರಬೇಕಾದೀತು. ಯಾರ ಮೊಣಕಾಲು ಯಾರಿಗೆ ತಾಗುತ್ತದೆ, ಯಾರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ಮೂರನೆಯದು ಅಡಿಗೆ. ಹತ್ತು ಜನರ ಅಡಿಗೆಯನ್ನು ಒಳಗೆ ಮಾಡಿದರೆ ಒಗ್ಗರಣೆ ಘಾಟು ಹಾಸಿಗೆಗೆ ಹತ್ತುತ್ತದೆ. ಹಿಂಬಾಗಿಲ ಕಡೆಗೆ ಹೊರಗೆ ಎಳೆಯುವ ಒಲೆ, ಮೇಲೊಂದು ಚಾಚುವ ಚಪ್ಪರ ಇದ್ದರೆ ಇಬ್ಬರು ನಿಂತು ನಿರಾಳವಾಗಿ ಕೆಲಸ ಮಾಡಬಹುದು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇದೆಯೆ ಎಂದು ಬಗ್ಗಿ ನೋಡಿ.

ನಾಲ್ಕನೆಯದು ತೂಕ, ನೀರು, ಕರೆಂಟು. 100 ಲೀಟರ್ ನೀರೆಂದರೆ 100 ಕಿಲೋ. ಹತ್ತು ಜನರ ತೂಕವೇ 500–600 ಕಿಲೋ. ಅದರ ಮೇಲೆ ಮಂಚ, ಕಪಾಟು, ಬ್ಯಾಟರಿ, ಪಾತ್ರೆ. ಗಾಡಿಯ ಒಟ್ಟು ತೂಕದ ಮಿತಿಯಿಂದ ಖಾಲಿ ತೂಕ ಕಳೆದು ಉಳಿದದ್ದರಲ್ಲಿ ಇಷ್ಟೂ ಹಿಡಿಯಬೇಕು. ಹಿಡಿಯದಿದ್ದರೆ ಬ್ರೇಕಿನ ಮೇಲೂ ಟೈರಿನ ಮೇಲೂ ಹೊರೆ ಬೀಳುತ್ತದೆ. ಕರೆಂಟಿನ ಲೆಕ್ಕವೂ ಸರಳ. 12 ವೋಲ್ಟಿನ 200 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಇರುವುದು 2,400 ವಾಟ್-ಗಂಟೆ. 25 ವಾಟಿನ ನಾಲ್ಕು ಫ್ಯಾನು ಎಂಟು ಗಂಟೆ ತಿರುಗಿದರೆ 800 ಮುಗಿಯುತ್ತದೆ. ಒಂದು ಕಿಲೋವಾಟಿನ ಎ.ಸಿ. ಹಾಕಿದರೆ ಎರಡೂವರೆ ಗಂಟೆಯೊಳಗೇ ಬ್ಯಾಟರಿ ಬರಿದು. ನಾವು ಮುಂದೆ ಹೋಗಲಿರುವ ಬೇಲೂರು ಸಮುದ್ರಮಟ್ಟದಿಂದ ಸುಮಾರು 975 ಮೀಟರ್ ಎತ್ತರದಲ್ಲಿದೆ. ಈ ಸೀಮೆಯ ರಾತ್ರಿಗೆ ಫ್ಯಾನು, ಸೊಳ್ಳೆ ಪರದೆಯ ಕಿಟಕಿ ಧಾರಾಳವಾಗಿ ಸಾಕು.

ಶೌಚಾಲಯವನ್ನು ಹಗಲಿನ ಬಳಕೆಗೆ ಅಂತ ಇಟ್ಟುಕೊಳ್ಳಬೇಡಿ. ರಾತ್ರಿ ಹಿರಿಯರಿಗೆ, ಮಕ್ಕಳಿಗೆ ತುರ್ತಿಗೆ ಒಂದು ಸಣ್ಣದು ಸಾಕು. ಅದರ ತೊಟ್ಟಿಯನ್ನು ಖಾಲಿ ಮಾಡುವುದು ಲಾಡ್ಜಿನ ಇಲ್ಲವೇ ಮನೆಯ ಶೌಚಾಲಯದಲ್ಲಿ ಮಾತ್ರ. ಕೆರೆಯ ಅಂಚು, ಹೊಲದ ಬದು ಅದಕ್ಕೆ ಜಾಗವಲ್ಲ.

ಪರೀಕ್ಷೆಯ ದಾರಿ

ಗಾಡಿಯ ಗುಣ ಹೆದ್ದಾರಿಯಲ್ಲಿ ಗೊತ್ತಾಗುವುದಿಲ್ಲ. ನಿಲ್ಲಿಸಿ, ಇಳಿದು, ನೋಡಿ, ಮತ್ತೆ ಹತ್ತಿದಾಗ ಗೊತ್ತಾಗುತ್ತದೆ. ಅದಕ್ಕೆ ಅರಸೀಕೆರೆ, ಹಳೇಬೀಡು, ಬೇಲೂರಿನಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಬೆಂಗಳೂರು ಕಡೆಯಿಂದ ತುಮಕೂರು, ತಿಪಟೂರು ದಾಟಿ ತೆಂಗಿನ ತೋಟಗಳ ನಡುವೆ ಅರಸೀಕೆರೆಗೆ ಬನ್ನಿ.

ಅರಸೀಕೆರೆಯಲ್ಲಿ ಊರವರು ಶಿವಾಲಯ ಎನ್ನುವ, 1220ರ ಈಶ್ವರ ದೇವಾಲಯವಿದೆ. ಬೇಲೂರಿಗೆ ಧಾವಿಸುವವರು ಇದನ್ನು ಬಿಟ್ಟು ಹೋಗುತ್ತಾರೆ, ದೊಡ್ಡ ನಷ್ಟ. ಇದರ ಮುಂದಿನ ತೆರೆದ ಮಂಟಪದ ತಳವಿನ್ಯಾಸ ನಕ್ಷತ್ರಾಕಾರ. ಹೊಯ್ಸಳರ ಕಟ್ಟಡಗಳಲ್ಲೇ ಅಪರೂಪದ್ದು. ಒಳಗೆ ಸುತ್ತಲೂ ಕೂರಲು ಕಲ್ಲಿನ ಕಕ್ಷಾಸನ, ಮೇಲೆ ಗುಮ್ಮಟದಂಥ ಭುವನೇಶ್ವರಿ ಚಾವಣಿ. ಮನೆಮಂದಿಯನ್ನೆಲ್ಲ ಅಲ್ಲಿ ಕೂರಿಸಿ. ಯಾರೂ ಯಾರಿಗೂ ಬೆನ್ನು ತೋರಿಸುವುದಿಲ್ಲ, ನಡುವಿನ ಜಾಗ ಓಡಾಟಕ್ಕೆ ಬಿಡುವಾಗಿರುತ್ತದೆ, ಬೆಳಕು ಎಲ್ಲ ಕಡೆಯಿಂದ ಬರುತ್ತದೆ. ಒಳ್ಳೆಯ ಕ್ಯಾರವಾನಿನ ಕೂರುವ ಕೋಣೆ ಈ ಮಂಟಪದ ಹಾಗಿರಬೇಕು. ಅಲ್ಲಿ ಕೂತು ಎದ್ದ ಮೇಲೆ ಗಾಡಿಗೆ ಮರಳಿ, ಸಾಲು ಸೀಟಿನಲ್ಲಿ ಒಬ್ಬರ ಹಿಂದಲೆ ನೋಡುತ್ತ ಇನ್ನೊಬ್ಬರು ಕೂತಾಗ ಯಾವುದು ಬೇಕು ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಹಾಸನದ ರಸ್ತೆಯಲ್ಲಿ ಸುಮಾರು 8 ಕಿ.ಮೀ. ಹೋದರೆ ಹಾರನಹಳ್ಳಿ. ಅಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಾಲಯಗಳಿವೆ. ಜನಜಂಗುಳಿಯಿಲ್ಲದ ಕಡೆ ಶಿಲ್ಪ ನೋಡುವ ಅಭ್ಯಾಸ ಇಲ್ಲಿ ಮಾಡಿಕೊಳ್ಳಬಹುದು. ಊರೊಳಗಿನ ಓಣಿಗಳು ಗಾಡಿಯ ಉದ್ದಕ್ಕೆ ಪರೀಕ್ಷೆ. 7 ಮೀಟರ್ ಉದ್ದದ ವ್ಯಾನು ತಿರುಗಲು ಪರದಾಡುವ ಕಡೆ 6 ಮೀಟರಿನದು ಸಲೀಸಾಗಿ ತಿರುಗುತ್ತದೆ. ನಿಮ್ಮ ಪ್ರಯಾಣಗಳು ಹಳ್ಳಿಯ ಗುಡಿಗಳಿಗೇ ಹೆಚ್ಚಾದರೆ ಒಂದು ಮಂಚ ಬಿಟ್ಟುಕೊಟ್ಟಾದರೂ ಚಿಕ್ಕ ಗಾಡಿ ಆರಿಸಿ.

ಮತ್ತೆ ಅರಸೀಕೆರೆಗೆ ಬಂದು ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ. ಮುಖ್ಯ ಮಾತು ಇಲ್ಲಿದೆ: ಹಳೇಬೀಡಿಗೆ ಸಂಜೆ, ಬೇಲೂರಿಗೆ ಬೆಳಿಗ್ಗೆ. ಬೆಂಗಳೂರಿನಿಂದ ಒಂದೇ ದಿನಕ್ಕೆ ಬಂದು ಹೋಗುವವರು ಎರಡೂ ಕಡೆ ನಡುಹಗಲಿನಲ್ಲಿ ಸಿಕ್ಕಿಬೀಳುತ್ತಾರೆ. ಬರಿಗಾಲಿಗೆ ಗುಡಿಯ ಸುತ್ತಲಿನ ಜಗತಿಯ ಕಲ್ಲು ಸುಡುತ್ತದೆ, ನೆತ್ತಿಯ ಮೇಲಿನ ಬಿಸಿಲಲ್ಲಿ ಕೆತ್ತನೆಯ ಆಳ ಕಾಣುವುದಿಲ್ಲ.

1121ರ ಹೊತ್ತಿಗೆ ಹೊಯ್ಸಳ ದೊರೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಪೂರ್ವಕ್ಕೆ ಮುಖಮಾಡಿದೆ. ದೊಡ್ಡ ಶಿಲ್ಪಗಳು ತುಂಬಿದ ಗೋಡೆ ಇರುವುದು ಹಿಂದೆ, ಪಶ್ಚಿಮದಲ್ಲಿ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನ ಒಂದೊಂದು ಸರಪಣಿಯೂ ಗೆಜ್ಜೆಯೂ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತದೆ. ಹೊಸಬರು ಕೆಳಗಿನಿಂದ ಓದಲಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಕತೆ, ಮಕರ, ಹಂಸ. ಪುಟ್ಟ ಮಕ್ಕಳ ಕಣ್ಣಿನ ಮಟ್ಟಕ್ಕೆ ಕೆಳಗಿನ ಪಟ್ಟಿಕೆಗಳೇ ಸರಿಯಾಗಿ ಸಿಗುತ್ತವೆ, ಆನೆಗಳನ್ನು ಅವರಿಗೆ ಬಿಡಿ. ಕತೆಯ ಪಟ್ಟಿಕೆ ತಾತನದು. ಯುದ್ಧ ಯಾವುದು, ಯಾರು ಯಾರು ಎಂದು ಅವರು ಹೇಳಲಿ. ಹತ್ತು ಜನ ಒಟ್ಟಿಗೆ ನಡೆಯಬೇಕಿಲ್ಲ. ಸುಸ್ತಾದವರು ಗಾಡಿಗೆ ಹೋಗಿ ಕಾಲು ಚಾಚಬಹುದು, ಚಹಾ ಕುಡಿದು ಮರಳಿ ಬರಬಹುದು. ‘ಬೇಗ ಬನ್ನಿ’ ಎಂದು ಯಾರೂ ಕೂಗಬೇಕಾಗಿಲ್ಲ. ದೊಡ್ಡ ಕುಟುಂಬಕ್ಕೆ ಮನೆಗಾಡಿ ಮಾಡುವ ದೊಡ್ಡ ಉಪಕಾರ ಇದೇ.

ರಾತ್ರಿಗೆ ಕಮಾನು ಗಾಡಿಯ ಲೆಕ್ಕ ಹಾಕಿ. ಹಳೇಬೀಡಿನಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ, ಬೇಲೂರಿನಲ್ಲಿ ಮಯೂರ ವೇಲಾಪುರಿ ಇವೆ. ಹಿರಿಯರಿಗೆ ಕೋಣೆ ತೆಗೆದುಕೊಂಡು, ಗಾಡಿಯನ್ನು ಆವರಣದಲ್ಲಿ ನಿಲ್ಲಿಸಿ ಉಳಿದವರು ಅದರಲ್ಲೇ ಮಲಗಬಹುದೆ ಎಂದು ಮೊದಲೇ ಕೇಳಿಕೊಳ್ಳಿ. ದೇವಾಲಯದ ಮುಂದೆ ಒಲೆ ಹೂಡುವುದು ಬೇಡ.

ಬೇಲೂರು ಹಳೇಬೀಡಿನಿಂದ 16 ಕಿ.ಮೀ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯೂ ಪೂರ್ವಾಭಿಮುಖ. ಇಲ್ಲಿನ ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಚಾಚಿದ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತವರು. ಮಧ್ಯಾಹ್ನ ಅವರ ಮುಖ ನೆರಳಲ್ಲಿ ಮುಳುಗುತ್ತದೆ. ಬೆಳಗಿನ ಕೆಳಮಟ್ಟದ ಬಿಸಿಲು ಮಾತ್ರ ಸೂರಿನಡಿಗೆ ನುಗ್ಗಿ ಅವರನ್ನು ಮುಟ್ಟುತ್ತದೆ. ಒಟ್ಟು 42, ಹೊರಗೆ 38, ಒಳಗೆ ನಾಲ್ಕು. ಎಲ್ಲವನ್ನೂ ನೋಡಲು ಹೋಗದೆ ಒಬ್ಬೊಬ್ಬರು ಒಂದನ್ನು ಆರಿಸಿಕೊಳ್ಳಿ. ದರ್ಪಣಸುಂದರಿಯ ಮುಂದೆ ನಿಂತವರು ಮುಖದಿಂದ ಪಾದದವರೆಗೆ ಮೈಯ ತಿರುವನ್ನು ಹಿಡಿಯಲಿ, ಆಮೇಲೆ ಅಕ್ಕಪಕ್ಕದ ಪುಟ್ಟ ಸೇವಕಿಯರನ್ನು ನೋಡಲಿ. ಕನ್ನಡ ಓದಬಲ್ಲ ಮಕ್ಕಳಿಗೆ ಪೀಠದ ಹಳೆಯ ಅಕ್ಷರ ಹುಡುಕುವ ಕೆಲಸ ಕೊಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ.

ಒಳಗಿನ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಇಂದು ಕಾಣುವ ಜಾಲಂಧ್ರಗಳು, ಅಂದರೆ ತೂತುಗಳ ಕಲ್ಲಿನ ಪರದೆಗಳು, ಸೇರಿದ್ದು ಮುಂದೆ ಇಮ್ಮಡಿ ಬಲ್ಲಾಳ ದೊರೆಯ ಕಾಲದಲ್ಲಿ. ಮೊದಲ ಕ್ಯಾರವಾನ್ ಕಟ್ಟಿಸುವವರು ಇದನ್ನು ಗಮನಿಸಬೇಕು. ಎಲ್ಲವನ್ನೂ ಮೊದಲ ದಿನವೇ ಮುಗಿಸಿಬಿಡುವ ಅವಸರ ಬೇಡ. ಕೂರುವುದು, ಮೆಟ್ಟಿಲು, ಗಾಳಿ ಬೆಳಕು ಇವಿಷ್ಟನ್ನು ಗಟ್ಟಿಮಾಡಿ; ಕಪಾಟು, ಸೋಲಾರ್, ಟಿ.ವಿ. ಒಂದೆರಡು ಮಳೆಗಾಲ ಬಳಸಿದ ಮೇಲೆ ಸೇರಿಸಿದರಾಯಿತು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಜಾಗವನ್ನು ನಿಧಾನವಾಗಿ ನೋಡಲೆಂದೇ ನಾವು ಗಾಡಿ ಆರಿಸುತ್ತಿದ್ದೇವೆ.

ಕಾಗದಪತ್ರ

ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡವಿದೆ. ತಯಾರಕರು ಅದರ ಪ್ರಮಾಣಪತ್ರ ತೋರಿಸಲಿ. ಹಳೆಯ ವ್ಯಾನನ್ನು ಬದಲಾಯಿಸುವುದಾದರೆ, ವಾಹನದ ಮಾರ್ಪಾಡಿನ ಬಗೆಗಿನ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮರೆಯಬೇಡಿ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸದೆ ಸೀಟು ಕಿತ್ತು ಮಂಚ ಹಾಕಿಸಿದರೆ ನಾಳೆ ವಿಮೆಯವರ ಮುಂದೆ ತೊಂದರೆ. ಆರ್.ಸಿ.ಯಲ್ಲಿ ಸೀಟುಗಳ ಸಂಖ್ಯೆ ಎಷ್ಟೆಂದು ಬರೆದಿದೆಯೋ ಅಷ್ಟೇ ಜನ ಹತ್ತಬೇಕು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿ ಲಘು ಮೋಟಾರು ವಾಹನದ ವರ್ಗಕ್ಕೆ ಬರುತ್ತದೆ. ಆ ಲೈಸೆನ್ಸ್ ಇರುವವರು ಅದೇ ಮಿತಿಯ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಊರಿಗೆ ಮರಳಿದ ಮೇಲೆ

ಎಲ್ಲರನ್ನೂ ಕೂರಿಸಿ ಕೇಳಿ: ಎಲ್ಲಿ ಕಷ್ಟವಾಯಿತು, ಏನು ಚೆನ್ನಾಗಿತ್ತು? ಅಜ್ಜಿಯ ಮಾತಿಗೆ ಮೊದಲ ಮಣೆ, ಅಡಿಗೆ ಮಾಡಿದವರ ಮಾತಿಗೆ ಎರಡನೆಯದು, ಓಡಿಸಿದವರ ಮಾತಿಗೆ ಮೂರನೆಯದು. ಟೇಪಿನ ಅಳತೆಗಳ ಜೊತೆ ಅದನ್ನೂ ಬರೆದು ತಯಾರಕರ ಕೈಗೆ ಕೊಡಿ. ವರ್ಷಕ್ಕೊಂದೆರಡು ಪ್ರಯಾಣವಷ್ಟೇ ಆದರೆ ಬಾಡಿಗೆ ಗಾಡಿಯೇ ಸಾಕು, ಕೊಳ್ಳದೆ ಉಳಿದ ದುಡ್ಡು ಇನ್ನಷ್ಟು ಊರು ತೋರಿಸುತ್ತದೆ. ಆಗಾಗ ಹೊರಡುವ ಮನೆಯಾದರೆ ಕೊಳ್ಳಿ. ಪ್ರಯಾಣ ಮುಗಿಸಿ ಮನೆಗೆ ಮರಳಿದವರು ಗಾಡಿಯ ಸುದ್ದಿ ಬಿಟ್ಟು, ತಾವು ಆರಿಸಿಕೊಂಡ ಮದನಿಕೆಯ ಬಗ್ಗೆ ಜಗಳಕ್ಕೆ ನಿಂತರೆ ನಿಮ್ಮ ಆಯ್ಕೆ ಸರಿಯಾಗಿದೆ ಎಂದು ತಿಳಿಯಿರಿ.